ಯಾರೂ ಸೋಲದ ಪ್ರಶ್ನೆ: ಕುಬುಸದ ಮನೆಯ ಆಟವನ್ನು ಕುರಿತು

ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂಬುದನ್ನು ವೈದ್ಯಕೀಯ ಪರೀಕ್ಷೆಯಿಂದ ಮೊದಲೇ ತಿಳಿದುಕೊಂಡು, ಆ ಸಂಗತಿಯನ್ನು ಬಂಧುಮಿತ್ರರ ಎದುರು ಒಂದು ಆಟದ ರೂಪದಲ್ಲಿ ಬಯಲುಮಾಡುವ ಸಮಾರಂಭಕ್ಕೆ ಪಾಶ್ಚಾತ್ಯ ದೇಶಗಳಲ್ಲಿ ‘ಜೆಂಡರ್ ರಿವೀಲ್’ ಎಂಬ ಹೆಸರಿದೆ. ಇದರ ವಯಸ್ಸು ಇನ್ನೂ ಎರಡು ದಶಕ ದಾಟಿಲ್ಲ. 2008ರಲ್ಲಿ ಜೆನ್ನಾ ಕಾರ್ವುನಿಡಿಸ್ ಎಂಬ ಅಮೆರಿಕದ ಲೇಖಕಿ ಕೇಕಿನೊಳಗೆ ಗುಲಾಬಿ ಬಣ್ಣದ ಕೆನೆ ತುಂಬಿಸಿ, ಅದನ್ನು ಕೊಯ್ದಾಗ ಹುಟ್ಟಲಿರುವುದು ಹೆಣ್ಣೆಂದು ಮನೆಮಂದಿಗೆ ತಿಳಿಯುವಂತೆ ಮಾಡಿ, ಅದನ್ನು ಬರೆದು ಪ್ರಕಟಿಸಿದ ಮೇಲೆ ಈ ರೂಢಿ ಹಬ್ಬಿತು. ಕೇಕಿನಿಂದ ಬಲೂನಿಗೆ, ಬಲೂನಿನಿಂದ ಬಣ್ಣದ ಹೊಗೆಗೆ, ಹೊಗೆಯಿಂದ ಸಿಡಿಮದ್ದಿಗೆ ಬೆಳೆದ ಈ ಸಂಭ್ರಮವು 2020ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಉದ್ಯಾನದಲ್ಲಿ ಕಾಳ್ಗಿಚ್ಚಿಗೆ ಕಾರಣವಾಗಿ, 22,000 ಎಕರೆಗೂ ಹೆಚ್ಚು ನೆಲವನ್ನು ಸುಟ್ಟು, ಬೆಂಕಿ ಆರಿಸಲು ಹೋದ ಒಬ್ಬ ಸಿಬ್ಬಂದಿಯ ಪ್ರಾಣವನ್ನೂ ತೆಗೆಯಿತು. ಅದಕ್ಕೂ ಒಂದು ವರ್ಷ ಮೊದಲೇ, ಅಂದರೆ 2019ರಲ್ಲಿ, ಈ ರೂಢಿಗೆ ನಾಂದಿ ಹಾಡಿದ ಕಾರ್ವುನಿಡಿಸ್ ಅವರೇ ಮಗುವಿನ ಲಿಂಗಕ್ಕೆ ಇಷ್ಟು ಮಹತ್ವ ಕೊಡುವುದರ ಬಗ್ಗೆ ತಮಗೆ ಮೂಡಿದ ಹಿಂಜರಿಕೆಯನ್ನು ಬಹಿರಂಗವಾಗಿ ಹೇಳಿಕೊಂಡಿದ್ದರು.

ಭಾರತದಲ್ಲಿ ಈ ಸಮಾರಂಭ ನಡೆಯುವಂತಿಲ್ಲ. 1994ರಲ್ಲಿ ಸಂಸತ್ತು ಅಂಗೀಕರಿಸಿ, 1996ರ ಜನವರಿ 1ರಿಂದ ಜಾರಿಗೆ ಬಂದು, 2003ರಲ್ಲಿ ಮತ್ತಷ್ಟು ಬಿಗಿಗೊಂಡ ಕಾಯ್ದೆಯೊಂದು, ಗರ್ಭಧಾರಣೆಗೆ ಮುನ್ನ ಮತ್ತು ಪ್ರಸವಕ್ಕೆ ಮುನ್ನ ಮಗುವಿನ ಲಿಂಗವನ್ನು ಆಯ್ದುಕೊಳ್ಳುವುದನ್ನೂ ಪತ್ತೆಹಚ್ಚುವುದನ್ನೂ ನಿಷೇಧಿಸುತ್ತದೆ. ಇದರ ಐದನೆಯ ಕಲಮು ಭ್ರೂಣದ ಲಿಂಗವನ್ನು ಗರ್ಭಿಣಿಗಾಗಲೀ ಅವಳ ಬಂಧುಗಳಿಗಾಗಲೀ ಬೇರೆ ಯಾರಿಗಾಗಲೀ ಮಾತಿನಿಂದ, ಸಂಜ್ಞೆಯಿಂದ ಅಥವಾ ಬೇರಾವುದೇ ಬಗೆಯಿಂದ ತಿಳಿಸಕೂಡದೆಂದು ವಿಧಿಸುವುದರಿಂದ, ಗುಲಾಬಿ ಕೆನೆಯ ಕೇಕು ಅಥವಾ ನೀಲಿ ಬಲೂನು ಈ ನೆಲದಲ್ಲಿ ನೇರವಾಗಿ ಕಾಯ್ದೆ ಹೇಳುವ ‘ಸಂಜ್ಞೆ’ಯೇ ಆಗುತ್ತದೆ. ಇಂಥ ಪರೀಕ್ಷೆಯನ್ನು ಕೋರಿ ಹೋದವರಿಗೆ ಮೊದಲ ಅಪರಾಧಕ್ಕೇ ಮೂರು ವರ್ಷದವರೆಗಿನ ಸೆರೆವಾಸ ಮತ್ತು 50,000 ರೂಪಾಯಿವರೆಗಿನ ದಂಡವಿದೆ. ಗರ್ಭಿಣಿಯನ್ನು ಗಂಡನೋ ಬಂಧುಗಳೋ ಒತ್ತಾಯಿಸಿದ್ದರೆಂದೇ ನ್ಯಾಯಾಲಯವು ಮೊದಲು ಭಾವಿಸಿಕೊಂಡು ನಡೆಯತಕ್ಕದ್ದೆಂಬ ವಿಧಿಯೂ ಅದೇ ಕಾಯ್ದೆಯಲ್ಲಿದೆ. ಮನೆಯೊಳಗಿನ ಒತ್ತಡ ಯಾವ ದಿಕ್ಕಿನಿಂದ ಯಾರ ಮೇಲೆ ಬೀಳುತ್ತದೆಂಬುದನ್ನು ಅದನ್ನು ರೂಪಿಸಿದವರು ಚೆನ್ನಾಗಿ ಬಲ್ಲವರಾಗಿದ್ದರು. 2024ರ ಮೇ ತಿಂಗಳಿನಲ್ಲಿ ತಮಿಳುನಾಡಿನ ಒಬ್ಬ ಜನಪ್ರಿಯ ಯೂಟ್ಯೂಬರ್ ದುಬೈನಲ್ಲಿ ಪರೀಕ್ಷೆ ಮಾಡಿಸಿ, ಮಗುವಿನ ಲಿಂಗವನ್ನು ಸಮಾರಂಭದಲ್ಲಿ ಬಯಲುಮಾಡಿ, ಅದರ ವಿಡಿಯೊ ಹಾಕಿದಾಗ, ಪರೀಕ್ಷೆ ನಡೆದದ್ದು ಹೊರದೇಶದಲ್ಲೇ ಆಗಿದ್ದರೂ ತಮಿಳುನಾಡಿನ ಆರೋಗ್ಯ ಇಲಾಖೆ ಅವರಿಗೆ ನೋಟಿಸು ಕೊಟ್ಟಿತು.

ಹೀಗಾಗಿ ದಾವಣಗೆರೆ ಮತ್ತು ಹರಿಹರದಂಥ ಊರುಗಳ ಮಟ್ಟಿಗೆ ಚರ್ಚಿಸಬೇಕಾದ ಸಂಗತಿ ಬೇರೆಯೇ ಇದೆ. ಉತ್ತರ ಗೊತ್ತಿಲ್ಲದಿದ್ದರೂ ಪ್ರಶ್ನೆಯನ್ನು ಮಾತ್ರ ಸಮಾರಂಭದ ನಡುವೆ ತಂದಿಡುವ ಆಟಗಳು ಇವು: ಗುಲಾಬಿ ಮತ್ತು ನೀಲಿ ಬಲೂನುಗಳ ಕಮಾನು, ‘ಬಾಯ್ ಆರ್ ಗರ್ಲ್’ ಎಂಬ ಹಲಗೆ, ಬಂದವರು ತಮ್ಮ ಊಹೆಯನ್ನು ಬರೆದು ಹಾಕುವ ಎರಡು ಡಬ್ಬಿಗಳು, ಮುಚ್ಚಿದ ಎರಡು ಬಟ್ಟಲುಗಳಲ್ಲಿ ಒಂದನ್ನು ಬಸುರಿಯಿಂದ ತೆಗೆಸುವ ಪದ್ಧತಿ. ಇವುಗಳಿಗೆ ಬೇಕಾದ ಸಾಮಗ್ರಿ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಕೈಯಿಂದ ಮಾಡಿಕೊಳ್ಳುವುದೂ ಸುಲಭ. ಇಲ್ಲಿ ಯಾರೂ ಯಾವ ಪರೀಕ್ಷೆಯನ್ನೂ ಮಾಡಿಸದೆ ಬರಿಯ ಊಹೆಯಲ್ಲಿ ತೊಡಗುವುದರಿಂದ ಕಾಯ್ದೆ ಇದನ್ನು ತಡೆಯುವುದಿಲ್ಲ, ತಡೆಯಬೇಕೆಂದು ಕೇಳುವುದೂ ಸರಿಯಲ್ಲ. ಆದರೆ ಕಾನೂನು ಸುಮ್ಮನಿರುವ ಕಡೆ ವಿವೇಕ ಮಾತಾಡಬೇಕಾಗುತ್ತದೆ. ಬಸುರಿಯ ಸಂತೋಷಕ್ಕಾಗಿ ಮನೆಯವರೇ ಕೂಡಿ ಆಟ ಕಟ್ಟುವುದು ಒಳ್ಳೆಯ ಕೆಲಸ; ಆ ಆಟದ ಪ್ರಶ್ನೆಯಾಗಿ ‘ಗಂಡೋ ಹೆಣ್ಣೋ’ ಎಂಬುದನ್ನು ಇಡಕೂಡದು ಎಂಬುದು ಈ ಲೇಖನದ ವಾದ.

ಈ ಆಟಗಳು ನಡೆಯುವ ಸಂದರ್ಭವನ್ನು ಮೊದಲು ತಿಳಿದುಕೊಳ್ಳಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಸೀಮಂತವೆಂದು ಕರೆಯುವ ಬಸುರಿಯ ಸಮಾರಂಭಕ್ಕೆ ಉತ್ತರ ಕರ್ನಾಟಕದಲ್ಲಿ ಕುಬುಸ ಮಾಡುವುದು ಎನ್ನುತ್ತಾರೆ. ತುಂಗಭದ್ರೆಯ ದಂಡೆಯ ಹರಿಹರವು ಮೈಸೂರು ಸಂಸ್ಥಾನದ ಗಡಿಯೂರಾಗಿದ್ದು, ಹೊಳೆಯಾಚೆಯ ರಾಣೆಬೆನ್ನೂರು ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಾಗಲೂ ಎರಡೂ ದಡಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧ ನಿಂತಿರಲಿಲ್ಲವಾದ್ದರಿಂದ, ಇಲ್ಲಿನ ಮನೆಗಳಲ್ಲಿ ಎರಡೂ ಹೆಸರುಗಳೂ ಎರಡೂ ಕಡೆಯ ರೂಢಿಗಳೂ ಬೆರೆತಿವೆ. ತವರಿನವರು ತರುವ ಹಸಿರು ಸೀರೆ, ರವಿಕೆಯ ಬಟ್ಟೆಯಾದ ಕಣ, ಕೈತುಂಬ ಹಸಿರು ಬಳೆ, ಮುತ್ತೈದೆಯರು ತುಂಬುವ ಉಡಿ, ಬಸುರಿಯ ನಾಲಿಗೆ ಬೇಡಿದ್ದನ್ನೆಲ್ಲ ಮಾಡಿ ಬಡಿಸುವ ಬಯಕೆಯೂಟ, ಆರತಿಯ ಹಾಡು, ಕೊನೆಗೆ ಗಂಡಹೆಂಡಿರು ಪರಸ್ಪರರ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳಬೇಕಾದ ಒಡಪು, ಇವೆಲ್ಲ ಸೇರಿದರೆ ಕುಬುಸ. ಇದರ ನಡುವೆ ಇರುವವಳು ಬಸುರಿ. ಅವಳ ಹಸಿವು, ಅವಳ ದಣಿವು, ಅವಳ ಅಂಜಿಕೆ ಇವುಗಳಿಗೆ ಒಂದು ದಿನವಾದರೂ ಊರೆಲ್ಲ ಮರ್ಯಾದೆ ಕೊಡಲೆಂದೇ ಈ ಆಚರಣೆ ಬೆಳೆದುಬಂದಿದೆ. ಗಂಡೋ ಹೆಣ್ಣೋ ಎಂಬ ಆಟ ಶುರುವಾದ ಕೂಡಲೇ ಎಲ್ಲರ ಕಣ್ಣು ಅವಳ ಮುಖವನ್ನು ಬಿಟ್ಟು ಹೊಟ್ಟೆಯ ಮೇಲೆ ನೆಡುತ್ತದೆ.

ಊಹೆಯ ಗೀಳು ಹೊಸದೇನೂ ಅಲ್ಲ. ಹೊಟ್ಟೆ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಹುಳಿ ಬೇಡಿದರೆ ಒಂದು, ಸಿಹಿ ಬೇಡಿದರೆ ಇನ್ನೊಂದು. ನಡೆಯುವಾಗ ಯಾವ ಕಾಲು ಮುಂದಿಡುತ್ತಾಳೆ, ದಾರಕ್ಕೆ ಕಟ್ಟಿದ ಉಂಗುರ ಹೊಟ್ಟೆಯ ಮೇಲೆ ಹೇಗೆ ತೂಗುತ್ತದೆ ಎಂಬ ಲೆಕ್ಕಗಳನ್ನು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಮರಾಠಿ ಮನೆಗಳಲ್ಲಿಯೂ ಬೆಳಗಾವಿ ಕಡೆಯ ಗಡಿನಾಡಿನಲ್ಲಿಯೂ ಒಂದು ಬಟ್ಟಲಲ್ಲಿ ಪೇಡೆ, ಇನ್ನೊಂದರಲ್ಲಿ ಬರ್ಫಿ ಇಟ್ಟು ಮುಚ್ಚಿ, ಪೇಡೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು ಎನ್ನುವ ಆಟವಿದೆ. ಇವುಗಳಲ್ಲಿ ಒಂದಕ್ಕೂ ಶರೀರಶಾಸ್ತ್ರದ ಆಧಾರವಿಲ್ಲ. ತಂದೆಯ ವೀರ್ಯಾಣುವಿನಲ್ಲಿರುವ ಎಕ್ಸ್ ಅಥವಾ ವೈ ವರ್ಣತಂತು, ಅಂದರೆ ಆನುವಂಶಿಕ ಗುಣಗಳನ್ನು ಹೊತ್ತ ಎಳೆ, ತಾಯಿಯ ಅಂಡವನ್ನು ಸೇರುವ ಗಳಿಗೆಯಲ್ಲೇ ಮಗುವಿನ ಲಿಂಗ ನಿಶ್ಚಿತವಾಗಿರುತ್ತದೆ. ತಾಯಿ ತಿಂದದ್ದಕ್ಕೂ ನಡೆದದ್ದಕ್ಕೂ ಅಲ್ಲಿ ಪಾತ್ರವಿಲ್ಲ. ಆದರೂ ಇಂಥ ಊಹೆಗಳು ‘ನಿಜವಾಗುತ್ತವೆ’ ಎಂಬ ನಂಬಿಕೆ ಉಳಿದಿರುವುದಕ್ಕೆ ಕಾರಣ ಸರಳವಾಗಿದೆ. ಸಹಜವಾಗಿ ಪ್ರತಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುವುದರಿಂದ, ಕಣ್ಣು ಮುಚ್ಚಿಕೊಂಡು ಹೇಳಿದ ಯಾವ ಊಹೆಯೂ ಹೆಚ್ಚುಕಡಿಮೆ ಅರ್ಧದಷ್ಟು ಸಲ ನಿಜವಾಗಲೇಬೇಕು. ನಿಜವಾದದ್ದನ್ನು ಮನೆ ನೆನಪಿಟ್ಟುಕೊಳ್ಳುತ್ತದೆ, ಸುಳ್ಳಾದದ್ದನ್ನು ಮರೆಯುತ್ತದೆ.

ಬಣ್ಣಗಳ ಕಥೆಯೂ ಇಷ್ಟೇ ಸಡಿಲ. ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ ಎಂಬ ಹಂಚಿಕೆ ಇತ್ತೀಚಿನ ಮಾರುಕಟ್ಟೆಯ ನಿರ್ಮಿತಿ. 1918ರಲ್ಲಿ ಅಮೆರಿಕದ ಶಿಶು ಉಡುಪಿನ ವ್ಯಾಪಾರಿಗಳ ಪತ್ರಿಕೆಯೊಂದು ಇದಕ್ಕೆ ತಿರುಗಾಗಿ, ಗಂಡುಮಕ್ಕಳಿಗೆ ಗುಲಾಬಿ, ಹೆಣ್ಣುಮಕ್ಕಳಿಗೆ ನೀಲಿ ಒಪ್ಪುತ್ತದೆಂದು ಬರೆದಿತ್ತು. ಹಸಿರು ಸೀರೆ, ಹಸಿರು ಬಳೆಗಳ ಕುಬುಸಕ್ಕೆ ಈ ಎರಡು ಬಣ್ಣಗಳ ಜಗಳವನ್ನು ತಂದು ಹಾಕುವ ಅಗತ್ಯವಾದರೂ ಏನು?

ಊಹೆಯಿಂದ ಏನೂ ತಿಳಿಯುವುದಿಲ್ಲವಾದರೆ ಅದರಿಂದ ಕೆಡುಕಾದರೂ ಏನು ಎಂದು ಕೇಳುವವರು ಇದ್ದಾರೆ, ಮತ್ತು ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎರಡು ಉತ್ತರಗಳಿಗೂ ಮನೆಯಲ್ಲಿ ಒಂದೇ ಬೆಲೆ ಇರುವ ಸಮಾಜದಲ್ಲಿ ಈ ಆಟ ನಿರಪಾಯಕಾರಿಯಾಗಬಹುದಿತ್ತು. ಆದರೆ ಇಲ್ಲಿ ಒಂದು ಡಬ್ಬಿಗೆ ಬಿದ್ದ ಚೀಟಿಗಳು ಹಾರೈಕೆಯಾಗಿಯೂ ಇನ್ನೊಂದಕ್ಕೆ ಬಿದ್ದ ಚೀಟಿಗಳು ಸಮಾಧಾನದ ಮಾತಾಗಿಯೂ ಓದಿಸಿಕೊಳ್ಳುತ್ತವೆ. ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ ಎಷ್ಟು ಹೆಣ್ಣುಮಕ್ಕಳಿದ್ದಾರೆಂಬ ಲೆಕ್ಕಕ್ಕೆ ಮಕ್ಕಳ ಲಿಂಗಾನುಪಾತವೆನ್ನುತ್ತಾರೆ. ಅದು ದೇಶದಲ್ಲಿ 1961ರಲ್ಲಿ 976 ಇದ್ದದ್ದು 2001ಕ್ಕೆ 927ಕ್ಕೂ 2011ಕ್ಕೆ 918ಕ್ಕೂ ಇಳಿಯಿತು. ಕರ್ನಾಟಕದಲ್ಲಿ 2001ರಲ್ಲಿ 946, 2011ರಲ್ಲಿ 948 ಇದ್ದು, ದೇಶದ ಸರಾಸರಿಗಿಂತ ಮೇಲಿದ್ದುದು ನಿಜ. ಆದರೆ ಈ ಅಂಕಿಯಿಂದ ನೆಮ್ಮದಿ ಪಡುವಂತಿಲ್ಲವೆಂಬುದನ್ನು 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲ ತೋರಿಸಿತು. ಆಗ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆಮಾಡುತ್ತಿದ್ದರೆಂಬ ಆರೋಪ ಹೊರಬಂದಿತು. ಕಬ್ಬಿನ ಗದ್ದೆಗಳ ನಡುವಿನ ಆ ಆಲೆಮನೆಗೆ ಬಸುರಿಯರನ್ನು ಕರೆತಂದದ್ದು ಯಂತ್ರವಲ್ಲ, ಅವರವರ ಮನೆಯ ಪಡಸಾಲೆಯಲ್ಲಿ ಮತ್ತೆ ಮತ್ತೆ ಕೇಳಿದ ಒಂದೇ ಪ್ರಶ್ನೆ.

ಗರ್ಭಪಾತದವರೆಗೆ ಹೋಗದ ಮನೆಗಳಲ್ಲಿಯೂ ಆ ಪ್ರಶ್ನೆ ತನ್ನ ಕೆಲಸ ಮಾಡುತ್ತದೆ. ಕೇಂದ್ರ ಸರ್ಕಾರದ 2017–18ರ ಆರ್ಥಿಕ ಸಮೀಕ್ಷೆ ಒಂದು ಸೂಕ್ಷ್ಮವಾದ ಸಂಗತಿಯನ್ನು ಎತ್ತಿ ತೋರಿಸಿತು: ಗಂಡುಮಗು ಹುಟ್ಟುವವರೆಗೆ ಮಕ್ಕಳನ್ನು ಹೆರುತ್ತಾ ಹೋಗಿ, ಹುಟ್ಟಿದ ಮೇಲೆ ನಿಲ್ಲಿಸುವ ಕುಟುಂಬಗಳಲ್ಲಿ, ಯಾವ ಭ್ರೂಣವನ್ನೂ ಕೊಲ್ಲದಿದ್ದರೂ, ಗಂಡಿಗಾಗಿ ಕಾಯುತ್ತಿದ್ದಾಗ ಹುಟ್ಟಿದ ಹೆಣ್ಣುಮಕ್ಕಳ ಒಂದು ದೊಡ್ಡ ಗುಂಪೇ ಉಳಿದುಬಿಡುತ್ತದೆ. ಅಂಥ ಬೇಡದ ಹೆಣ್ಣುಮಕ್ಕಳ ಸಂಖ್ಯೆಯನ್ನು ಸಮೀಕ್ಷೆ 2.1 ಕೋಟಿಯೆಂದು ಅಂದಾಜಿಸಿತು. ಈ ಅಂದಾಜನ್ನು ಕುಬುಸದ ಮನೆಗೆ ತಂದು ನೋಡಿದರೆ ಆಟದ ಸ್ವರೂಪ ಬದಲಾಗಿ ಕಾಣುತ್ತದೆ. ಎರಡನೆಯದೋ ಮೂರನೆಯದೋ ಬಸಿರಿನ ಸಮಾರಂಭದಲ್ಲಿ, ಐದಾರು ವರ್ಷದ ಮೊದಲ ಮಗಳು ಅಲ್ಲೇ ಓಡಾಡಿಕೊಂಡಿರುವಾಗ, ಹಿರಿಯರೆಲ್ಲರೂ ಒಂದೇ ಡಬ್ಬಿಯ ಕಡೆ ಚೀಟಿ ಹಿಡಿದು ನಡೆಯುವುದನ್ನು ಆ ಹುಡುಗಿ ನೋಡುತ್ತಾಳೆ. ಚೀಟಿಯಲ್ಲಿ ಬರೆದದ್ದನ್ನು ಓದಲು ಬರುವ ಮೊದಲೇ ಅವಳಿಗೆ ಅದರ ಅರ್ಥ ತಿಳಿದಿರುತ್ತದೆ. ಆ ಮಗುವಿನ ಮನಸ್ಸಿಗಾಗುವ ಗಾಯವೊಂದೇ ಈ ಆಟವನ್ನು ಕೈಬಿಡಲು ಸಾಕಾದ ಕಾರಣ.

ತಮ್ಮ ಮನೆಯಲ್ಲಿ ಹೆಣ್ಣೇ ಬೇಕೆಂದು ಎಲ್ಲರೂ ಹಾರೈಸುತ್ತಿದ್ದಾರೆ, ಹಾಗಿರುವಾಗ ದೋಷವೆಲ್ಲಿ ಎನ್ನುವವರ ಮಾತಿನಲ್ಲಿ ಪ್ರೀತಿಯಿದೆ. ಆದರೂ ಹಾರೈಕೆಯ ದಿಕ್ಕು ಬದಲಾದ ಮಾತ್ರಕ್ಕೆ ಹುಟ್ಟಲಿರುವ ಮಗು ಒಂದು ಪಕ್ಷದ ನಿರೀಕ್ಷೆಯನ್ನು ಸುಳ್ಳುಮಾಡಿ ಬರುವ ಸಾಧ್ಯತೆ ಇಲ್ಲವಾಗುವುದಿಲ್ಲ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿ, ಅಲ್ಲಿನ ವೈದ್ಯರಿಂದಲೇ ಲಿಂಗ ತಿಳಿದುಕೊಳ್ಳುವ ಕನ್ನಡ ಕುಟುಂಬಗಳ ಸಂಗತಿ ಸ್ವಲ್ಪ ಬೇರೆ. ಅವರು ಕಾನೂನು ಮುರಿಯುತ್ತಿಲ್ಲ, ಅವರ ಸಂತೋಷವನ್ನು ಶಂಕಿಸಲು ಕಾರಣವೂ ಇಲ್ಲ. ಆದರೆ ಆ ವಿಡಿಯೊ ದಾವಣಗೆರೆಯ ಅತ್ತೆಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ, ಅದನ್ನು ನೋಡುತ್ತಿರುವ ಇನ್ನೊಬ್ಬ ಬಸುರಿ ಸೊಸೆಗೆ ಅದು ಬೇರೆಯದೇ ಮಾತು ಹೇಳುತ್ತದೆಂಬ ಎಚ್ಚರ ಅವರಿಗಿರಬೇಕು.

ಪರಂಪರೆಯ ಸಾಕ್ಷ್ಯವನ್ನು ಕೇಳಿದರೆ ಅದು ಎರಡು ಕಡೆಗೂ ಮಾತಾಡುತ್ತದೆಂದು ಒಪ್ಪಿಕೊಳ್ಳಬೇಕು. ಗೃಹ್ಯಸೂತ್ರಗಳು ಹೇಳುವ ಗರ್ಭಸಂಸ್ಕಾರಗಳಲ್ಲಿ ಬೈತಲೆ ತೆಗೆಯುವ ಸೀಮಂತೋನ್ನಯನಕ್ಕೆ ಮೊದಲು ಪುಂಸವನವೆಂಬುದು ಬರುತ್ತದೆ, ಮತ್ತು ಅದು ಗಂಡುಮಗುವಾಗಲೆಂದೇ ಮಾಡುವ ವಿಧಿ. ಆದರೆ ದಾವಣಗೆರೆ ಸೀಮೆಯ ಬಹುಜನರ ಬದುಕಿನಲ್ಲಿ ಬೇರೂರಿದ ಲಿಂಗಾಯತ ಪರಂಪರೆಯಲ್ಲಿ ಇದಕ್ಕೆ ತೀರ ಬೇರೆಯಾದ ಒಂದು ಸಂಸ್ಕಾರವಿದೆ. ಗರ್ಭಲಿಂಗಧಾರಣೆಯೆಂದು ಕರೆಯುವ ಅದರಲ್ಲಿ, ತಾಯಿಗೆ ಎಂಟನೆಯ ತಿಂಗಳಾದಾಗ ಗರ್ಭದೊಳಗಿನ ಶಿಶುವಿನ ಹೆಸರಿನಲ್ಲಿ ಇಷ್ಟಲಿಂಗವನ್ನು ತಾಯಿಗೇ ಕಟ್ಟಿ, ಹುಟ್ಟಿದ ಮೇಲೆ ಅದನ್ನು ಮಗುವಿಗೆ ಕೊಡುತ್ತಾರೆ. ಒಳಗಿರುವುದು ಗಂಡೋ ಹೆಣ್ಣೋ ಎಂದು ಆ ಸಂಸ್ಕಾರ ಕೇಳುವುದಿಲ್ಲ. ಕೇಳದೆಯೇ ಪೂರ್ಣ ಅಧಿಕಾರವನ್ನು ಕೊಟ್ಟುಬಿಡುತ್ತದೆ. ದೇಹದ ಗುರುತುಗಳನ್ನು ನೋಡಿ ಗಂಡು ಹೆಣ್ಣೆಂದು ಕರೆದರೂ ಒಳಗೆ ಸುಳಿಯುವ ಆತ್ಮಕ್ಕೆ ಆ ಭೇದವಿಲ್ಲವೆಂದು ಜೇಡರ ದಾಸಿಮಯ್ಯ ವಾದಿಸಿದ್ದು ಸುಮಾರು ಒಂದು ಸಾವಿರ ವರ್ಷಗಳ ಹಿಂದೆ. ಈ ವಿಚಾರವನ್ನು ನೆಲೆಯಾಗಿ ಉಳ್ಳ ಸೀಮೆಯಲ್ಲಿ, ಹುಟ್ಟುವ ಮೊದಲೇ ಮಗುವನ್ನು ಎರಡು ಬಣ್ಣಗಳಲ್ಲಿ ಒಂದಕ್ಕೆ ಹಚ್ಚುವ ಆಟವನ್ನು ಹೊರಗಿನಿಂದ ತರಬೇಕಾಗಿಲ್ಲ.

ಹಾಗಾದರೆ ಎಂಥ ಆಟವನ್ನು ಕಟ್ಟಬೇಕು? ಒಂದು ಪ್ರಶ್ನೆ ಕುಬುಸದ ಆಟಕ್ಕೆ ತಕ್ಕುದೋ ಅಲ್ಲವೋ ಎಂದು ಅಳೆಯಲು ಒಂದೇ ಒರೆಗಲ್ಲು ಸಾಕು: ಅದಕ್ಕೆ ಯಾವ ಉತ್ತರ ಬಂದರೂ ತಾಯಿಯಾಗಲೀ ಮಗುವಾಗಲೀ ಸೋಲಬಾರದು. ಈ ಒರೆಗಲ್ಲಿಗೆ ಹಚ್ಚಿದರೆ ಗಂಡು-ಹೆಣ್ಣಿನ ಪ್ರಶ್ನೆಯಷ್ಟೇ ಅಲ್ಲ, ಮಗುವಿನ ಬಣ್ಣ ಯಾರ ಹಾಗಿರುತ್ತದೆ ಎಂಬ ಪ್ರಶ್ನೆಯೂ ಬಿದ್ದುಹೋಗುತ್ತದೆ, ಏಕೆಂದರೆ ಬಿಳುಪಿನ ಹಂಬಲ ಅದರೊಳಗೆ ಅಡಗಿರುತ್ತದೆ. ಪಾಶ್ಚಾತ್ಯ ದೇಶಗಳ ಇಂಥ ಸಮಾರಂಭಗಳಲ್ಲಿ ಸಾಮಾನ್ಯವಾದ ತೂಕದ ಊಹೆಯನ್ನೂ ಇಲ್ಲಿ ಬಿಡುವುದು ಒಳಿತು. ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದ ಶಿಶುವನ್ನು ವೈದ್ಯಶಾಸ್ತ್ರ ಕಡಿಮೆ ತೂಕದ್ದೆಂದು ಪರಿಗಣಿಸುತ್ತದೆ, ಮತ್ತು ಅಂಥ ಮಗು ಹುಟ್ಟಿದರೆ ‘ಬಸುರಿ ಸರಿಯಾಗಿ ಉಣ್ಣಲಿಲ್ಲ’ ಎಂಬ ಆಪಾದನೆ ತಾಯಿಯ ತಲೆಗೇ ಬರುತ್ತದೆ. ಹೆರಿಗೆಯ ದಿನಾಂಕದ ಊಹೆ ಮಾತ್ರ ನಿಜಕ್ಕೂ ನಿರಪಾಯಕಾರಿ. ವೈದ್ಯರು ಕೊಟ್ಟ ದಿನಾಂಕದಂದೇ ಹುಟ್ಟುವ ಮಕ್ಕಳು ಇಪ್ಪತ್ತರಲ್ಲಿ ಒಂದರಷ್ಟೇ ಆಗಿರುವುದರಿಂದ ಅಲ್ಲಿ ಕುತೂಹಲಕ್ಕೆ ಕೊರತೆಯಿಲ್ಲ, ಯಾರ ಊಹೆ ತಪ್ಪಿದರೂ ಯಾರಿಗೂ ನೋವಿಲ್ಲ.

ಆಟದ ಚೌಕಟ್ಟಿಗೆ ಹೊರಗಿನ ಮಾದರಿ ಬೇಕಿಲ್ಲ, ಚೌಕಾಬಾರವಿದೆ. ಸಾಲಿಗೆ ಐದರಂತೆ ಐದು ಸಾಲುಗಳ 25 ಮನೆಗಳ ಈ ಆಟವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ನಾಲ್ಕು ಕವಡೆ ಎಸೆದು ಆಡುತ್ತಾರೆ. ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಿ ಅಷ್ಟು ಮನೆ ನಡೆಸುವುದು, ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಇವೆರಡು ಬಿದ್ದಾಗ ಇನ್ನೊಂದು ಎಸೆತ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಈ 25 ಮನೆಗಳಲ್ಲಿ ಹೊರಸುತ್ತಿನವು 16, ಒಳಸುತ್ತಿನವು 8, ನಟ್ಟನಡುವಿನದು 1. ಒಳಗಿನ ಒಂಬತ್ತು ಮನೆಗಳನ್ನು ಒಂಬತ್ತು ತಿಂಗಳುಗಳೆಂದು ಇಟ್ಟುಕೊಂಡರೆ, ಕಾಯಿ ಒಂದೊಂದೇ ತಿಂಗಳು ದಾಟಿ ನಡುಮನೆಗೆ ಹಣ್ಣಾಗಿ ಸೇರುವ ನಡೆ ಬಸಿರಿನ ನಡೆಯೊಡನೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಹಲಗೆಗೆ ಹೊಲಿಯದ ಒಂದು ಹಸಿರು ಕಣವೇ ಸಾಕು. ಅದರ ಮೇಲೆ ಸುಮಾರು 15 ಸೆಂಟಿಮೀಟರಿನ ಮನೆಗಳನ್ನು ಗುರುತಿಸಿ, ದಪ್ಪ ದಾರದಿಂದ ಗೆರೆ ಹೊಲಿದರೆ ಸಮಾರಂಭದ ನಂತರವೂ ಅದು ಉಳಿಯುತ್ತದೆ. ಕಾಯಿಗಳಾಗಿ ಚನ್ನಗಿರಿ ಕಡೆಯ ಅಡಿಕೆ, ಜಿಲ್ಲೆಯ ಹೊಲಗಳಲ್ಲಿ ಹೇರಳವಾಗಿ ಬೆಳೆಯುವ ಮೆಕ್ಕೆಜೋಳದ ಕಾಳು, ಶೇಂಗಾ, ಹುಣಸೆ ಬೀಜ ಇವನ್ನು ಬಳಸಬಹುದು. ಸಾಮಾನ್ಯವಾಗಿ ಚೌಕಾಬಾರಕ್ಕೆ ಬಳಸುವ ಬಳೆಚೂರು ಮಾತ್ರ ಬೇಡ. ಬಳೆ ತೊಡಿಸುವ ದಿನ ಒಡೆದ ಬಳೆ ಹಿರಿಯರ ಕಣ್ಣಿಗೆ ಬೀಳಬಾರದೆಂಬ ಅವರ ಭಾವನೆಯನ್ನು ಗೌರವಿಸುವುದೇ ಸರಿ.

ಇದೇ ಕಾರಣಕ್ಕೆ ಒಂದು ನಿಯಮವನ್ನೂ ಬದಲಿಸಬೇಕಾಗುತ್ತದೆ. ಚೌಕಾಬಾರದಲ್ಲಿ ಎದುರಾಳಿಯ ಕಾಯಿಯನ್ನು ಒಮ್ಮೆಯಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಕುಬುಸದ ಮನೆಯಲ್ಲಿ ಕಡಿಯುವ ಮಾತು ಒಪ್ಪುವುದಿಲ್ಲವಾದ್ದರಿಂದ, ಬೇರೆಯವರ ಕಾಯಿ ಇರುವ ಮನೆಗೆ ತಮ್ಮ ಕಾಯಿ ಬಂದರೆ ಇಬ್ಬರೂ ಜೋಡಿಯಾಗಿ ಬಸುರಿಗಾಗಿ ಒಂದು ಕೆಲಸ ಮಾಡಿ, ಅನಂತರ ಒಳಗೆ ಹೋಗಬಹುದೆಂದು ಇಡಬಹುದು. ಹೊರಸುತ್ತಿನ 16 ಮನೆಗಳಲ್ಲಿ ಬಂದವರು ಸಲ್ಲಿಸಬೇಕಾದ ಕಾಣಿಕೆಗಳಿರಲಿ: ಒಂದು ಬಯಕೆಯ ಹಾಡು, ಒಂದು ಒಗಟು, ತಮ್ಮ ಹೆರಿಗೆಯ ಕಾಲದ ಧೈರ್ಯದ ಒಂದು ಮಾತು, ಗಂಡಸರ ಪಾಲಿಗೆ ಹೆಂಡತಿಯ ಹೆಸರು ಸೇರಿಸಿದ ಒಂದು ಒಡಪು. ಗಂಡಸರು ಊಟದ ಹೊತ್ತಿಗೆ ಮಾತ್ರ ಕಾಣಿಸಿಕೊಳ್ಳುವ ಈ ಸಮಾರಂಭದಲ್ಲಿ ಅವರನ್ನೂ ಹಾಸಿದ ಕಣದ ಸುತ್ತ ಕೂರಿಸುವುದು ಆಟದಿಂದಾಗುವ ದೊಡ್ಡ ಲಾಭ. ಬಸುರಿಯನ್ನು ಮಾತ್ರ ನೆಲದಲ್ಲಿ ಕೂರಿಸಬಾರದು. ಅವಳು ಕುರ್ಚಿಯಲ್ಲಿ ಕುಳಿತು ಮೊದಲ ಕವಡೆ ಎಸೆದು, ಯಾರ ಕಾಣಿಕೆ ಒಪ್ಪಿಗೆಯಾಯಿತು, ಯಾರದು ಆಗಲಿಲ್ಲ ಎಂದು ತೀರ್ಪು ಕೊಡುವವಳಾಗಲಿ.

ಒಳಗಿನ ಒಂಬತ್ತು ಮನೆಗಳ ಪ್ರಶ್ನೆಗಳೇ ಈ ಆಟದ ತಿರುಳು, ಮತ್ತು ಅವು ಮಗುವಿನ ಬಗ್ಗೆ ಅಲ್ಲದೆ ತಾಯಿಯ ಬಗ್ಗೆ, ಅವಳನ್ನು ನೋಡಿಕೊಳ್ಳಬೇಕಾದವರ ಬಗ್ಗೆ ಇರಬೇಕು. ಮೂರನೆಯ ತಿಂಗಳ ಮನೆಗೆ ಬಂದವರು ಆಗ ಅವಳಿಗೆ ಯಾವ ಅಡುಗೆಯ ವಾಸನೆ ಆಗುತ್ತಿರಲಿಲ್ಲವೆಂದು ಹೇಳಬೇಕು. ಗೊತ್ತಿಲ್ಲದಿದ್ದರೆ ಕಾಯಿ ಅಲ್ಲೇ ನಿಲ್ಲುತ್ತದೆ. ಐದನೆಯ ತಿಂಗಳ ಮನೆಗೆ ಬಂದವರು ಆ ಹೊತ್ತಿನ ಸ್ಕ್ಯಾನಿಂಗ್ ಯಾತಕ್ಕೆಂದು ತಿಳಿಸಬೇಕು. ಸಾಮಾನ್ಯವಾಗಿ 18ರಿಂದ 22ನೆಯ ವಾರದ ನಡುವೆ ಮಾಡುವ ಆ ಪರೀಕ್ಷೆ ಮಗುವಿನ ಹೃದಯ, ಮಿದುಳು, ಬೆನ್ನುಹುರಿ, ಕೈಕಾಲುಗಳ ಬೆಳವಣಿಗೆ ಸರಿಯಿದೆಯೇ ಎಂದು ನೋಡಲು ಇರುವಂಥದ್ದು. ಅದನ್ನು ಲಿಂಗ ತಿಳಿಯುವ ಪರೀಕ್ಷೆಯೆಂದೇ ಭಾವಿಸಿದವರು ಇನ್ನೂ ಇರುವುದರಿಂದ, ನಗುನಗುತ್ತಾ ಈ ತಿಳಿವಳಿಕೆ ಹರಡಲು ಕುಬುಸಕ್ಕಿಂತ ಒಳ್ಳೆಯ ಜಾಗ ಸಿಗದು. ಏಳನೆಯ ತಿಂಗಳ ಮನೆಯಲ್ಲಿ ಅವಳ ರಕ್ತದ ಗುಂಪು ಯಾವುದು, ಮನೆಯಲ್ಲಿ ಅದೇ ಗುಂಪಿನವರು ಯಾರಿದ್ದಾರೆ ಎಂಬ ಪ್ರಶ್ನೆಯಿರಲಿ. ಹೆರಿಗೆಯ ಸಮಯದ ರಕ್ತಸ್ರಾವ ತಾಯಂದಿರ ಸಾವಿನ ಮುಖ್ಯ ಕಾರಣಗಳಲ್ಲಿ ಒಂದಾಗಿರುವಾಗ, ಈ ಉತ್ತರ ಗಂಡನಿಗೆ ಬಾಯಿಪಾಠವಾಗಿರಬೇಕು. ಎಂಟನೆಯ ತಿಂಗಳಿಗೆ, ನಡುರಾತ್ರಿ ನೋವು ಕಾಣಿಸಿಕೊಂಡರೆ ಯಾವ ಗಾಡಿ, ಯಾರು ಜೊತೆಗೆ, ತಾಯಿ ಕಾರ್ಡ್ ಎಲ್ಲಿದೆ, 108ಕ್ಕೆ ಕರೆ ಮಾಡುವವರು ಯಾರು ಎಂದು ಕೇಳಬಹುದು. ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ ಆರಂಭವಾದಂದಿನಿಂದ ದಾವಣಗೆರೆ ಸುತ್ತಲಿನ ಊರುಗಳಿಗೆ ಆಸ್ಪತ್ರೆಗಳ ಊರೇ ಆಗಿದ್ದರೂ, ಹಳ್ಳಿಯ ಮನೆಯಿಂದ ಆ ಆಸ್ಪತ್ರೆಯವರೆಗಿನ ರಾತ್ರಿಯ ದಾರಿಯನ್ನು ಮೊದಲೇ ಯೋಚಿಸಿಟ್ಟವರಿಗೂ ಯೋಚಿಸದವರಿಗೂ ವ್ಯತ್ಯಾಸ ದೊಡ್ಡದು. ಒಂಬತ್ತನೆಯದಾದ ನಡುಮನೆಯಲ್ಲಿ ಪ್ರಶ್ನೆಯೇ ಬೇಡ. ಅಲ್ಲಿಗೆ ಬಂದವರಿಗೆ ಶೇಂಗಾ ಉಂಡೆ, ಮಕ್ಕಳಿಗೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ತಂದ ಮಂಡಕ್ಕಿಯ ಪೊಟ್ಟಣ.

ಇಷ್ಟು ಉಪದೇಶ ಸೇರಿದರೆ ಆಟದ ರುಚಿ ಕೆಡುವುದಿಲ್ಲವೇ ಎಂಬ ಸಂದೇಹ ಏಳಬಹುದು. ಪ್ರಶ್ನೆಗಳನ್ನು ಇಲಾಖೆಯ ಭಿತ್ತಿಪತ್ರದ ಧಾಟಿಯಲ್ಲಿ ಬರೆದರೆ ಖಂಡಿತ ಕೆಡುತ್ತದೆ. ಆದ್ದರಿಂದ ಅವುಗಳನ್ನು ಬರೆಯುವ ಕೆಲಸವನ್ನು ಮನೆಯ ಮಾತಿನ ಮಲ್ಲಿಯೊಬ್ಬಳಿಗೆ, ಅತ್ತಿಗೆಗೋ ಚಿಕ್ಕಮ್ಮನಿಗೋ, ಒಪ್ಪಿಸಬೇಕು. ಅಂಗನವಾಡಿಗಳಲ್ಲಿ ನಡೆಯುವ ಸಾಮೂಹಿಕ ಸೀಮಂತಗಳಲ್ಲಿಯೂ, ಭಾಷಣಗಳನ್ನು ಕಡಿಮೆ ಮಾಡಿ, ಇದೇ ಕಣವನ್ನು ಹಾಸಿ ಆಡಿಸಬಹುದು. ಅಲ್ಲಿ ಒಟ್ಟಿಗೆ ಕುಳಿತ ಹತ್ತಾರು ಬಸುರಿಯರಿಗೆ ಪರಸ್ಪರರ ಅನುಭವ ಕೇಳುವ ಅವಕಾಶ ಸಿಗುವುದು ಸಣ್ಣ ಸಂಗತಿಯಲ್ಲ.

ಊಹೆಯ ಸುಖವನ್ನು ಪೂರ್ತಿ ಬಿಟ್ಟುಕೊಡಲು ಇಷ್ಟವಿಲ್ಲದವರಿಗೆ ಚೀಟಿಗಳಿವೆ. ಬಂದವರು ಹೆರಿಗೆಯ ದಿನಾಂಕ, ಹಗಲೋ ರಾತ್ರಿಯೋ, ಸುದ್ದಿ ಕೇಳಿದ ಕೂಡಲೇ ಅಜ್ಜ ಆಡುವ ಮೊದಲ ಮಾತು ಯಾವುದು ಎಂಬುದನ್ನೂ, ಗಂಡಿಗೂ ಹೆಣ್ಣಿಗೂ ಹೊಂದುವ ಒಂದು ಹೆಸರನ್ನೂ ಬರೆದು ಒಂದು ಕುಡಿಕೆಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮನೆಯ ಹಿರಿಯರೊಬ್ಬರ ಕೈಗೆ ಕೊಡಬೇಕು. ಹುಟ್ಟುವ ಮುನ್ನ ತೊಟ್ಟಿಲು ತರಬಾರದೆಂದು ಅನೇಕ ಮನೆಗಳಲ್ಲಿ ಹೇಳುವ ಮಾತಿನ ಹಿಂದೆ, ಎಲ್ಲ ಬಸಿರೂ ಸುಖವಾಗಿ ಮುಗಿಯುವುದಿಲ್ಲವೆಂಬ ಹಳೆಯ ನೋವಿನ ಅರಿವಿದೆ. ಅಂಥದ್ದೇನಾದರೂ ಆದರೆ ಆ ಹಿರಿಯರು ಕುಡಿಕೆಯ ಮಾತನ್ನೇ ಎತ್ತದಿರುವಷ್ಟು ಸೂಕ್ಷ್ಮವುಳ್ಳವರಾಗಿರಬೇಕು. ಎಲ್ಲವೂ ಸರಿಯಾಗಿ ನಡೆದರೆ ಕುಡಿಕೆ ತೆರೆಯುವುದು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ. ಮಧ್ಯ ಮತ್ತು ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದು ಹಾಕುವ ಸಂಭ್ರಮ ಇಂದಿಗೂ ಉಂಟು. ಅದು ಮುಗಿದ ಮೇಲೆ ಚೀಟಿಗಳನ್ನು ಓದಿ, ದಿನಾಂಕಕ್ಕೆ ಎಲ್ಲರಿಗಿಂತ ಹತ್ತಿರ ಬಂದವರಿಗೆ ಬಾಣಂತಿಯ ಕೈಯಿಂದ ಒಂದು ಕಣ ಕೊಡಿಸಬಹುದು. ಗಂಡೋ ಹೆಣ್ಣೋ ಎಂಬುದು ಆ ಹೊತ್ತಿಗೆ ಎಲ್ಲರಿಗೂ ತಿಳಿದೇ ಇರುತ್ತದೆ, ಮತ್ತು ತೊಟ್ಟಿಲಲ್ಲಿರುವ ಮಗುವಿಗೆ ತನ್ನದೇ ಒಂದು ಹೆಸರೂ ಬಂದಿರುತ್ತದೆ. ಚೌಕಾಬಾರದ ಹಸಿರು ಬಟ್ಟೆಯನ್ನು ಮಡಿಸಿ, ಆ ಮನೆತನದಲ್ಲಿ ಮುಂದೆ ಯಾರ ಕುಬುಸ ಬರುತ್ತದೆಯೋ ಅವರ ಮನೆಗೆ ಕವಡೆಗಳೊಡನೆ ಕಳಿಸಿಕೊಡಬಹುದು.